ಬಕ್ಕಪ್ಪನವರ ನಾಮಿನಿ

ಹುಮನಾಬಾದಿನ ತಹಸೀಲ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಮೂವತ್ತು ವರ್ಷಗಳಿಂದ ಬಕ್ಕಪ್ಪನವರು. ರೇಷನ್ ಕಾರ್ಡಿನಿಂದ ಪಿಂಚಣಿಯವರೆಗೆ ಯಾರ ಅರ್ಜಿಯನ್ನಾದರೂ ಅವರು ತುಂಬಿಕೊಡುತ್ತಿದ್ದರು. ಅವರು ತುಂಬಿದ ಕಾಗದ ಒಂದೂ ತಿರುಗಿ ಬಂದಿಲ್ಲವೆಂಬುದು ಊರಿಗೇ ಗೊತ್ತಿತ್ತು (ಗೊತ್ತಿಲ್ಲದವರಿಗೆ ಅವರೇ ತಿಳಿಸುತ್ತಿದ್ದರು). ಹುಟ್ಟಿದ ದಿನ ತಿಳಿಯದವರು ಬಂದರೆ ಮುಖವನ್ನೊಮ್ಮೆ ದಿಟ್ಟಿಸಿ, ಅಂದಾಜಿನ ಮೇಲೆ ಇಸವಿ ಹಾಕಿ, ಮುಂದೆ ‘ಜೂನ್ ಒಂದು’ ಎಂದು ಬರೆಯುತ್ತಿದ್ದರು. ಹೀಗಾಗಿ ತಾಲೂಕಿನ ಅರ್ಧ ಜನ ಒಂದೇ ತಾರೀಖಿಗೆ ಹುಟ್ಟಿದವರು.

ಇಂಥವರ ಮಗಳು ರೂಪಾಲಿ ಸೈನ್ಯಕ್ಕೆ ಆಯ್ಕೆಯಾದಳು. ಗುರುವಾರ ಹೊರಡಬೇಕು. ತುಂಬಿ ಒಯ್ಯಬೇಕಾದ ಕಾಗದಗಳಲ್ಲಿ ಜೀವವಿಮೆಯದೂ ಒಂದು. ಅವಳಿಗೆ ಏನಾದರೂ ಆದರೆ ಹಣ ಯಾರಿಗೆ ಸೇರಬೇಕು ಎಂದು ಅದರಲ್ಲಿ ಬರೆಯಬೇಕಿತ್ತು. ಮಂಗಳವಾರ ಸಂಜೆ ಬಕ್ಕಪ್ಪನವರು ಕೈ ತೊಳೆದು, ಕನ್ನಡಕ ಒರೆಸಿಕೊಂಡು, ಪಟ್ಟಾಭಿಷೇಕಕ್ಕೆ ಕುಳಿತಂತೆ ಚಾಪೆಯ ಮೇಲೆ ಕುಳಿತರು.

“ಬರಿ ರೂಪಾ. ನಾಮಿನಿಯ ಹೆಸರು, ಬಕ್ಕಪ್ಪ. ಸಂಬಂಧ, ತಂದೆ.”

“ಅಪ್ಪಾ, ನಾ ಅವ್ವನ ಹೆಸರು ಬರಿಯಾಕತ್ತೀನಿ. ನೂರಕ್ಕ ನೂರು.”

ಬಕ್ಕಪ್ಪನವರ ಕನ್ನಡಕ ಮೂಗಿನ ತುದಿಗೆ ಇಳಿಯಿತು. “ನಸುಕಿನಾಗ ಎದ್ದು, ಮೈದಾನದಾಗ ಗಡಿಯಾರ ಹಿಡಕೊಂಡು ನಿಂತಾಂವ ಯಾರು?”

ಒಳಗಿನಿಂದ ಹೆಂಡತಿ ರುಕ್ಮಿಣಿಬಾಯಿ ಉತ್ತರಿಸಿದರು. “ನಿಂತವರು ನೀವೇ. ಓಡಿದಾಕಿ ಆಕಿ.”

“ನಿನಗ ಬ್ಯಾಂಕಿನ ಚೀಟಿ ತುಂಬಾಕ ಬರ್ತದೇನು?”

“ನನಗ ಇದ್ಯಾವುದೂ ಬ್ಯಾಡ್ರಿ. ಕೂಸು ಹೊಂಟಾಗ ಎಂಥಾ ಮಾತು ಹಚ್ಚೀರಿ. ಆಕಿ ಸುಖವಾಗಿ ಹೋಗಿ ಸುಖವಾಗಿ ಬರ್ಲಿ, ಅಷ್ಟಾ.”

“ಅವ್ವಾ, ಎಲ್ಲರೂ ತುಂಬಬೇಕು,” ಎಂದಳು ರೂಪಾಲಿ. “ತುಂಬಿದ್ರ ಏನೂ ಆಗೂದಿಲ್ಲ. ತುಂಬಲಿಲ್ಲಂದ್ರ ಕಾಗದ ವಾಪಸ್ ಬರ್ತದ.”

‘ವಾಪಸ್’ ಎಂಬ ಮಾತು ಬಕ್ಕಪ್ಪನವರ ಮರ್ಮಕ್ಕೆ ತಾಗಿತು. ನಾಮಿನಿಯನ್ನು ಆರಿಸುವುದೆಂದರೆ ವರ ನೋಡಿದಂತೆ, ಮುಂದಿನದನ್ನೆಲ್ಲ ಯೋಚಿಸಬೇಕು, ಪ್ರೀತಿಯೊಂದನ್ನೇ ನೋಡಿದರೆ ಸಾಲದು ಎಂದು ಅವರು ಗಳಿಗೆ ಹೊತ್ತು ಉಪನ್ಯಾಸ ಕೊಟ್ಟರು. ಮಗಳು ಒಪ್ಪುವಂತೆ ಕಾಣಲಿಲ್ಲ. ಕೊನೆಗೆ ಪೆಟ್ಟಿಗೆ ತೆರೆದು, ತಳದಿಂದ ತಮ್ಮದೇ ವಿಮೆಯ ಹಳದಿ ಕಾಗದ ತೆಗೆದು ಅವಳ ಮುಂದೆ ಹಿಡಿದರು.

“ತಗೋ. ಫಾರ್ಮ್ ತುಂಬೂದಂದ್ರ ಹಿಂಗ. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ.”

ರೂಪಾಲಿ ಓದಿದಳು. “ನಾಮಿನಿ, ಗಂಗಾಬಾಯಿ. ಸಂಬಂಧ, ತಾಯಿ.” ಓದಿ ಅವ್ವನ ಮುಖ ನೋಡಿದಳು.

ರುಕ್ಮಿಣಿಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. “ಅತ್ತಿಯವರು ತೀರಿಕೊಂಡು ಹದಿನಾಲ್ಕು ವರ್ಷ ಆತಲ್ರಿ.”

“ಅದು ಲಗ್ನಕ್ಕಿಂತ ಮೊದಲಿನ ಪಾಲಿಸಿ,” ಎಂದರು ಬಕ್ಕಪ್ಪನವರು, ಸಣ್ಣ ದನಿಯಲ್ಲಿ.

“ಲಗ್ನ ಆಗಿ ಇಪ್ಪತ್ನಾಲ್ಕು ವರ್ಷ. ಊರ ಮಂದಿ ಫಾರ್ಮ್ ತುಂಬೂದ್ರಾಗ ಪುರಸತ್ತು ಸಿಕ್ಕಿರಲಿಕ್ಕಿಲ್ಲ ಬಿಡ್ರಿ.”

ಅಷ್ಟು ಹೇಳಿ ಅವರು ಒಳಗೆ ಹೋದರು. ಅಂದು ರೊಟ್ಟಿ ಬಡಿಯುವ ಸದ್ದು ಮೂರು ಮನೆಯಾಚೆಗೂ ಕೇಳಿಸಿತು. ರೂಪಾಲಿ ತನ್ನ ಕಾಗದದಲ್ಲಿ ರುಕ್ಮಿಣಿಬಾಯಿ ಎಂದು ಬರೆದಳು. ಬಕ್ಕಪ್ಪನವರು ಅದನ್ನು ತಡೆಯಲಿಲ್ಲ. ಊಟಕ್ಕೆ ಕುಳಿತಾಗ ರೊಟ್ಟಿ ಬಂತು, ಪಲ್ಯ ಬಂತು, ಬಡಿಸಿದವರ ಬಾಯಿಂದ ಮಾತು ಮಾತ್ರ ಬರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಕ್ಕಪ್ಪನವರು ಬಸವಕಲ್ಯಾಣಕ್ಕೆ ಹೋದರು. ಆ ಪಾಲಿಸಿ ಮಾಡಿಸಿದ್ದು ಅಲ್ಲಿಯ ಕಚೇರಿಯಲ್ಲಿ. ನಾಮಿನಿ ಬದಲಾಯಿಸುವ ಫಾರ್ಮನ್ನು ನಿಂತಲ್ಲೇ ತುಂಬಿ ಕಿಟಕಿಯೊಳಗೆ ಚಾಚಿದರು. ಗುಮಾಸ್ತ ಅಜೀಮುದ್ದೀನ್ ಹಳೆಯ ಪರಿಚಯದವನು. ಹೊಸ ಕಾಗದ ನೋಡಿದ, ಹಳೆಯದನ್ನು ನೋಡಿದ, ತಲೆಯೆತ್ತಿ ಬಕ್ಕಪ್ಪನವರ ನರೆತ ಮೀಸೆಯನ್ನು ನೋಡಿದ.

“ಮುಬಾರಕ್ ರೀ ಬಕ್ಕಪ್ಪನವರ. ಲಗ್ನ ಯಾವಾಗ ಆತು?”

ಸಾಲಿನಲ್ಲಿ ನಿಂತವರು ನಕ್ಕರು. ಬಕ್ಕಪ್ಪನವರು ಕೆಮ್ಮಿದರು.

“ಇರ್ಲಿ. ಆದ್ರ ಇಲ್ಲೊಂದು ಖಾಲಿ ಬಿಟ್ಟೀರಿ, ನೋಡ್ರಿ. ನಾಮಿನಿಯವರು ಹುಟ್ಟಿದ ತಾರೀಖು.” ಅವನು ಕಾಗದವನ್ನು ಕಿಟಕಿಯಿಂದ ಹೊರಗೆ ಸರಿಸಿದ.

ಮೂವತ್ತು ವರ್ಷಗಳಲ್ಲಿ ಬಕ್ಕಪ್ಪನವರ ಕಾಗದ ತಿರುಗಿ ಬಂದದ್ದು ಅದೇ ಮೊದಲು. ಕೊಡಂಬಲದ ಗೌಡರ ಮೊಮ್ಮಕ್ಕಳು ಹುಟ್ಟಿದ ದಿನವನ್ನೂ ಬಾಯಲ್ಲಿ ಹೇಳುವವರಿಗೆ ಹೆಂಡತಿಯದು ನೆನಪಾಗಲಿಲ್ಲ. ಬೇರೆ ದಾರಿ ಕಾಣದೆ, ಗೋಡೆಯ ಕಡೆ ಮುಖ ಮಾಡಿ ಮನೆಗೆ ಫೋನ್ ಹಚ್ಚಿದರು.

“ಏನಿಲ್ಲ... ಈ ಫಾರ್ಮಿನಾಗ ನಿನ್ನ ಹೆಸರು ಹಾಕಾಕತ್ತೀನಿ. ನೀ ಹುಟ್ಟಿದ ತಾರೀಖು ಏನು?”

ಆ ಕಡೆ ಟ್ರಂಕಿನ ಮುಚ್ಚಳ ತೆರೆದ ಸದ್ದು, ಕಾಗದಗಳ ಸರಪರ.

“ಆಧಾರ್ ಕಾರ್ಡಿನಾಗ ಜೂನ್ ಒಂದು ಅಂತದ,” ಎಂದರು ರುಕ್ಮಿಣಿಬಾಯಿ. “ಆ ಫಾರ್ಮ್ ತುಂಬಿದವರು ನೀವೇ. ನನ್ನ ಕೇಳಿದ್ದಿಲ್ಲ, ಮುಖ ನೋಡಿ ಬರದಿದ್ರಿ.”

“ಇಸವಿ?”

ಅವರು ಇಸವಿ ಹೇಳಿದರು. ಬರೆಯುತ್ತಿದ್ದ ಬಕ್ಕಪ್ಪನವರ ಪೆನ್ನು ನಡುವೆಯೇ ನಿಂತಿತು.

“ನಿಂತ್ರ್ಯಾ?” ಎಂದರು ರುಕ್ಮಿಣಿಬಾಯಿ. “ಲೆಕ್ಕ ಸರೀನೇ ಅದ. ನಿಮ್ಮ ಕಾಗದದ ಪ್ರಕಾರ ನಾ ನಿಮಗಿಂತ ಮೂರು ವರ್ಷ ದೊಡ್ಡಾಕಿ. ಬರುವಾಗ ಬಸ್‌ಸ್ಟ್ಯಾಂಡಿನಾಗ ಒಂದು ಡಜನ್ ಬಾಳೆಹಣ್ಣು ತರ್ರಿ. ಹಿರಿಯರ ಮನಿಗೆ ಬರಿಗೈಲೆ ಬರಬಾರದು.”