ಗುಬ್ಬಚ್ಚಿಯ ಜಗಳ ಬಿಡಿಸಿದ ಕ್ಷೌರಿಕ

ಜಗಳ ಬಿಡಿಸಲು ಹೋದವನಿಗೇ ಮೊದಲ ಏಟು ಅನ್ನುತ್ತಾರೆ. ನಮ್ಮ ಕ್ಷೌರಿಕ ಬಿಡಿಸಲು ಹೋದದ್ದು ಒಂದು ಗುಬ್ಬಚ್ಚಿಗೂ ಕನ್ನಡಿಯೊಳಗಿನ ಅದರ ಬಿಂಬಕ್ಕೂ ಹತ್ತಿದ ಜಗಳವನ್ನು.

ಒಂದು ಕಾಲಕ್ಕೆ ಆ ಬೀದಿಯಲ್ಲಿ ಮನುಷ್ಯರಿಗಿಂತ ಗುಬ್ಬಿಗಳೇ ಹೆಚ್ಚು. ಹೆಂಚಿನ ಸಂದು, ಪಟದ ಹಿಂದೆ, ಟ್ಯೂಬ್‌ಲೈಟಿನ ಮೇಲೆ, ಅಂಗೈಯಗಲ ಜಾಗ ಸಿಕ್ಕರೂ ಸಂಸಾರ ಹೂಡುತ್ತಿದ್ದವು. ಹೆಂಚು ಹೋಗಿ ತಾರಸಿ ಬಂತು, ಸಂದುಗೊಂದುಗಳಿಗೆಲ್ಲ ಸಿಮೆಂಟು ಬಿತ್ತು. ಬಾಡಿಗೆದಾರರ ಹಾಗೆ ಗುಬ್ಬಿಗಳು ಒಂದೊಂದೇ ಖಾಲಿ ಮಾಡಿಕೊಂಡು ಹೋದವು. ಉಳಿದದ್ದು ಒಂದೇ ಒಂದು ಗಂಡು, ಕೊರಳಿಗೆ ಕರಿ ಮಚ್ಚೆಯದು. ಅದು ದಿನಾ ಕ್ಷೌರದಂಗಡಿಗೆ ಬರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಕ್ಷೌರಿಕನನ್ನು ಹುಡುಕಿಕೊಂಡು ಬರುವ ಜೀವ ಅದೊಂದೇ. ಮಿಕ್ಕವರೆಲ್ಲ ಕೂದಲು ಬೆಳೆದಾಗ ಬರುವವರು.

ಬಂದದ್ದೇ ಕನ್ನಡಿಯ ಮುಂದಿನ ಹಲಗೆಯ ಮೇಲೆ ಕೂತು ಟಕಟಕ ಕುಕ್ಕುವುದು ಅದರ ಕೆಲಸ. ಆ ದಿನ ಬೆಳಿಗ್ಗೆ ಅದು ಕುಕ್ಕಿದ ರಭಸಕ್ಕೆ ಬೆಟ್ಟವಾಗಿದ್ದರೆ ಹಿಟ್ಟಾಗುತ್ತಿತ್ತು.

"ಎದುರಿಗಿರೋದು ನೀನೇ ಕಣಪ್ಪ. ಕೊಕ್ಕು ಮುರ್ಕೊಂಡು ಸತ್ರೆ ನಂಗ್ಯಾರಿದಾರೆ?" ಎಂದು ಕ್ಷೌರಿಕ ಬೇಡಿಕೊಂಡ. ಅದು ಕಿವಿಗೆ ಹಾಕಿಕೊಳ್ಳಲಿಲ್ಲ. ಕನ್ನಡಿಗೆ ಟವೆಲು ಹೊದಿಸಿದ.

ಅಷ್ಟರಲ್ಲಿ ಮೀಸೆ ಸರಿಮಾಡಿಸಲು ನಿವೃತ್ತ ಪೋಸ್ಟ್‌ಮಾಸ್ತರರು ಬಂದರು. ಕನ್ನಡಿ ಕಾಣದ್ದಕ್ಕೆ ಬೆರಳಿಂದಲೇ ಅಳೆದು, ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎಂದು ಹೇಳುತ್ತಾ ಹೋದರು. ಇವನು ಕತ್ತರಿಸುತ್ತಾ ಹೋದ. ಕೊನೆಗೆ ಮೂಗಿನ ಕೆಳಗೆ ಎರಡು ಇರುವೆಗಳಷ್ಟು ಉಳಿಯಿತು. ಹೊರಗೆ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಅವರು ಹಾಕಿದ ಕೂಗಿಗೆ ಬೀದಿಯೇ ಸೇರಿತು. ಬೆಂಚಿನ ಮೇಲೆ ಕಾಯುತ್ತಿದ್ದ ಮೂವರೂ ಅವರವರ ತಲೆ ಹಿಡಿದುಕೊಂಡು ಎದ್ದು ಹೋದರು.

ಇತ್ತ ಗುಬ್ಬಿ ಟವೆಲಿನ ಒಳಗೇ ನುಗ್ಗಿ ಕುಕ್ಕುತ್ತಿತ್ತು. ಕ್ಷೌರಿಕ ಕನ್ನಡಿಯನ್ನೇ ಮೊಳೆಯಿಂದ ಕಳಚಿ, ಹೊತ್ತುಕೊಂಡು ಎದುರಿನ ದರ್ಜಿಯ ಅಂಗಡಿಗೆ ನಡೆದ.

"ಅಲ್ಲಯ್ಯ, ನೀನು ಕನ್ನಡಿ ಇಲ್ದೆ ಕ್ಷೌರ ಮಾಡು, ನಾನು ಸೂಜಿ ಇಲ್ದೆ ಹೊಲೀತೀನಿ," ಎಂದ ದರ್ಜಿ. "ಒಂದು ಗುಬ್ಬಿಗೋಸ್ಕರ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೋತಾರಾ?"

"ಒಂದ್ವಾರ ಇಟ್ಕೋ ಅಣ್ಣ. ಅದು ಜಗಳ ಮರೀಲಿ."

ದರ್ಜಿ ಗೊಣಗುತ್ತಲೇ ಕನ್ನಡಿಯನ್ನು ಬಟ್ಟೆಯ ಥಾನುಗಳ ಪಕ್ಕ ಒರಗಿಸಿಕೊಂಡ.

ಕ್ಷೌರಿಕ ತಿರುಗಿ ಬರುವಾಗ ಗುಬ್ಬಿ ಬರಿಗೋಡೆಯನ್ನು ನೋಡುತ್ತಾ ಕೂತಿತ್ತು. ಕೊರಳು ಆ ಕಡೆ ಹೊರಳಿಸಿತು, ಈ ಕಡೆ ಹೊರಳಿಸಿತು, ಹಾರಿ ಹೋಯಿತು. ಅವನು ಅಕ್ಕಿ ನುಚ್ಚು ಹರಡಿ ಕಾದ. ಮಧ್ಯಾಹ್ನ ಕಳೆದರೂ ಅದರ ಸುಳಿವಿಲ್ಲ. ಅಂಗಡಿ ಹಾಗೇ ಬಿಟ್ಟು ಬೀದಿ ಬೀದಿ ಹುಡುಕಿದ. ಗೋಡೆಯ ತೂತುಗಳಿಗೆಲ್ಲ ಇಣುಕುತ್ತಾ ಹೋಗಿ ಯಾರದೋ ಬಚ್ಚಲಿನ ಕಿಂಡಿಗೂ ಇಣುಕಿ, ಒಂದು ಚೊಂಬು ನೀರು ಮುಖಕ್ಕೆ ಹಾಕಿಸಿಕೊಂಡ. ಒರೆಸಿಕೊಳ್ಳುವಾಗ ಒರೆಸಿದಷ್ಟೂ ಕಣ್ಣು ಒದ್ದೆಯಾಗುತ್ತಲೇ ಇತ್ತು.

ಸಂಜೆ ಅಂಗಡಿಗೆ ಮರಳಿದವನನ್ನು ದರ್ಜಿ ತನ್ನ ಬಾಗಿಲಿಗೆ ಬಂದು ಕೈಸನ್ನೆ ಮಾಡಿ ಕರೆದ. ಅವನ ಹೊಲಿಗೆ ಮಿಷನ್ನು ಸದ್ದಿಲ್ಲದೆ ನಿಂತಿತ್ತು. ಕನ್ನಡಿಯ ಮುಂದೆ ಗುಬ್ಬಿ, ಕೊಕ್ಕಿನಲ್ಲಿ ಕೆಂಪು ದಾರದ ತುಂಡು. ಅದನ್ನು ಒಳಗಿನ ಗುಬ್ಬಿಗೆ ಚಾಚಿತು, ಟಕಟಕ ಕುಕ್ಕಿತು, ಅದು ತೆಗೆದುಕೊಳ್ಳದಿದ್ದಾಗ ಕನ್ನಡಿಯ ಬುಡದಲ್ಲಿಟ್ಟಿತು. ಅಲ್ಲಾಗಲೇ ದಾರ, ಹತ್ತಿ, ಬಟ್ಟೆಯ ಅಂಚು ಬಟ್ಟಲಿನಷ್ಟು ಗುಡ್ಡೆಯಾಗಿತ್ತು.

"ಜಗಳ ಅಲ್ಲ ಕಣೋ ಇದು," ಎಂದ ದರ್ಜಿ ಮೆಲ್ಲಗೆ. "ಗೂಡು ಕಟ್ಟೋಣ ಬಾ ಅಂತ ಕರೀತಾ ಇದೆ."

ಕ್ಷೌರಿಕ ಕನ್ನಡಿ ವಾಪಸು ಒಯ್ಯುತ್ತೇನೆಂದು ಕೈ ಚಾಚಿದ. ದರ್ಜಿ ಅಡ್ಡ ಬಂದ.

"ಅರ್ಧ ಗೂಡಾಗಿದೆ, ಈಗ ಎಬ್ಬಿಸ್ತೀಯಾ? ಇಲ್ಲೇ ಇರಲಿ ಬಿಡು. ನನ್ ಹತ್ರಾನೂ ಯಾರೂ ಬಂದು ಕೂತು ಎಷ್ಟೋ ವರ್ಷ ಆಯ್ತು."

ಕ್ಷೌರಿಕ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

"ಹಂಗಾದ್ರೆ ನಾನೂ ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಲಾ ಅಣ್ಣ?"

"ಕೂತ್ಕೋ," ಎಂದು ದರ್ಜಿ ಸ್ಟೂಲು ತಳ್ಳಿದ. "ಸ್ವಲ್ಪ ಆ ಕಡೆ ಸರ್ಕೋ. ನೀನು ಅಡ್ಡ ಬಂದ್ರೆ ಅದಕ್ಕೆ ಹೆಂಡ್ತಿ ಕಾಣಲ್ಲ."