ಪ್ರತಿ ಶನಿವಾರ ಶಾಶ್ವತವಾಗಿ ಮುಚ್ಚುವ ಅಂಗಡಿ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನಾನು ಜೆರಾಕ್ಸ್ ಅಂಗಡಿಯವನು. ಬೇರೆಯವರು ಬರೆದದ್ದನ್ನು ಪ್ರತಿ ಮಾಡಿ ಗೊತ್ತೇ ಹೊರತು ನಾನಾಗಿ ಬರೆದು ಗೊತ್ತಿಲ್ಲ. ಹೇಳಬೇಕಾದ ಸಂಗತಿ ಒಂದೇ: ನಮ್ಮ ಬೀದಿಯ ಬ್ಯಾಗ್ ರಿಪೇರಿ ಅಂಗಡಿ ಪ್ರತಿ ಶನಿವಾರ ಸಂಜೆ ಶಾಶ್ವತವಾಗಿ ಮುಚ್ಚುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲ. ಹೊಸಬರು ಬಂದು ಕೇಳುತ್ತಾರೆಂದು ವಿವರಿಸುತ್ತಿದ್ದೇನೆ, ಅಷ್ಟೆ.

ಅಂಗಡಿ ನನ್ನ ಹೆಂಡತಿಯ ತಂದೆಯದು, ಅಂದರೆ ನನಗೆ ಮಾವ. ಬೀದಿಯವರೆಲ್ಲ ಅವರನ್ನು ಜಿಪ್ ಮಾವ ಎನ್ನುತ್ತಾರೆ; ಅವರಿಗೆಲ್ಲ ಇವರು ಮಾವ ಅಲ್ಲ, ಹೆಸರು ಹಾಗೆ ಅಂಟಿಕೊಂಡಿದೆ. ಜಿಪ್ ಯಾಕೆಂದರೆ, ಹಾಳಾದ ಜಿಪ್ ಬದಲಿಸುವುದರಲ್ಲಿ ಅವರದು ಪಳಗಿದ ಕೈ. (ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲವೇನೋ.) ಈಚೆಗೆ ಮಾವನಿಗೆ ಜಿಪ್ಪಿನ ಹಲ್ಲುಗಳೇ ಕಾಣುವುದಿಲ್ಲ. ಅಂಗಡಿ ಮುಚ್ಚಿ, ಅತ್ತೆಯ ತಂಗಿಯ ಊರಿಗೆ ಹೋಗಿ, ಅಲ್ಲಿ ಸಮುದ್ರದ ಎದುರು ಏನೂ ಮಾಡದೆ ಕುಳಿತಿರಬೇಕು, ಇಷ್ಟೇ ಅವರ ಆಸೆ. ಆ ತಂಗಿ ಇವರಿಗೆಂದು ಒಂದು ಕೋಣೆಗೆ ಬಣ್ಣವನ್ನೂ ಹೊಡೆಸಿದ್ದರು.

ಇನ್ನು ಗುಮಾಸ್ತನ ವಿಷಯ. ಗುಮಾಸ್ತ ಮನುಷ್ಯನಲ್ಲ. ನಮ್ಮ ಬೀದಿಯ ವರ್ತಕರ ಸಂಘ ಎಲ್ಲ ಸಣ್ಣ ಅಂಗಡಿಗಳ ಅಂತರ್ಜಾಲ ಪ್ರಚಾರಕ್ಕಾಗಿ ತರಿಸಿದ ಸಾಫ್ಟ್‌ವೇರ್. ಅಂಗಡಿಯ ಫೋಟೊ ಕೊಟ್ಟರೆ ಸಾಕು, ದಿನಾ ಪೋಸ್ಟ್ ಹಾಕುವುದು, ಬಂದ ಕಮೆಂಟಿಗೆ ಉತ್ತರ ಕೊಡುವುದು, ಯಾವ ಪೋಸ್ಟ್ ಜನರಿಗೆ ಹಿಡಿಸಿತೋ ಅದನ್ನೇ ಮತ್ತೆ ಹಾಕುವುದು, ಎಲ್ಲವನ್ನೂ ಅದೇ ಮಾಡುತ್ತದೆ. ಸಂಘದ ಜಂಟಿ ಕಾರ್ಯದರ್ಶಿಯಾದ್ದರಿಂದ ಅದನ್ನು ಕೂರಿಸಿದವನು ನಾನೇ.

ಗುಮಾಸ್ತ ಬಂದಮೇಲೆ ಬೀದಿಯಲ್ಲಿ ಸೌಹಾರ್ದ ಹೆಚ್ಚಿತು. ಬೇಕರಿಯ ಬ್ರೆಡ್ ನೋಡಿ ಟೈರ್ ಅಂಗಡಿಯ ಪರವಾಗಿ "ಎಷ್ಟು ಮೃದು!" ಎಂದು ಬರೆಯಿತು. ಟೈರ್ ನೋಡಿ ಬೇಕರಿಯ ಪರವಾಗಿ "ಬಾಯಲ್ಲಿ ನೀರೂರಿತು" ಎಂದಿತು. ಆ ಎರಡು ಅಂಗಡಿಯವರು ಪಾರ್ಕಿಂಗ್ ಜಾಗದ ಜಗಳದಿಂದ ಮಾತು ಬಿಟ್ಟಿದ್ದರು. ಈಗಲೂ ಬಿಟ್ಟಿದ್ದಾರೆ, ಆದರೆ ಅಂತರ್ಜಾಲದಲ್ಲಿ ಅವರದು ತುಂಬ ಅನ್ಯೋನ್ಯ ಸಂಬಂಧ. ಗಿರಾಕಿಗಳು ಮಾತ್ರ ಮೊದಲಿನಷ್ಟೇ ಬರುತ್ತಿದ್ದರು.

ಹೀಗಿರುವಾಗ ಮಾವ ತಮ್ಮ ಕೊನೆಯ ಪೋಸ್ಟನ್ನು ನನ್ನಿಂದ ಟೈಪ್ ಮಾಡಿಸಿದರು. ಕಣ್ಣು ಸಾಲದಾಗಿದೆ, ಬರುವ ಶನಿವಾರ ಅಂಗಡಿ ಶಾಶ್ವತವಾಗಿ ಮುಚ್ಚುತ್ತದೆ, ರಿಪೇರಿಗೆ ಕೊಟ್ಟವರು ದಯವಿಟ್ಟು ಒಯ್ಯಿರಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಇಷ್ಟೇ ಒಕ್ಕಣೆ. ಶನಿವಾರ ಬಂದ ಜನಜಂಗುಳಿಗೆ ಬೀದಿಯಲ್ಲಿ ಸೈಕಲ್ ಕೂಡ ಹೋಗದಂತಾಯಿತು. ಅಟ್ಟದ ಮೇಲಿದ್ದ ಸೂಟ್‌ಕೇಸುಗಳೆಲ್ಲ ಇಳಿದು ಬಂದವು. ಜೀವಮಾನದಲ್ಲಿ ಒಂದು ಬ್ಯಾಗನ್ನೂ ರಿಪೇರಿ ಮಾಡಿಸದವರು ಮಾವನ ಕೈ ಹಿಡಿದುಕೊಂಡು ಅತ್ತರು. ಹಾಸಿಗೆ ಅಂಗಡಿಯ ಮಾಲೀಕರು, ಅಂದರೆ ಸಂಘದ ಅಧ್ಯಕ್ಷರು, ಭಾಷಣ ಮಾಡಿದರು. ಕಾದು ಕಾದು ಹಸಿದವರು ಬೇಕರಿಯನ್ನು ಖಾಲಿ ಮಾಡಿದರು. ಸಂಜೆ ಮಾವ ಶಟರ್ ಎಳೆದು, ಮನೆಗೆ ಹೋಗಿ, ಊಟವನ್ನೂ ಮಾಡದೆ ಮಲಗಿದರು. ಸುಖಕ್ಕೆ.

ಗುಮಾಸ್ತ ಇದನ್ನೆಲ್ಲ ಗಮನಿಸಿ, ಹಿಡಿಸಿದ ಪೋಸ್ಟನ್ನು ಮುಂದಿನ ಶನಿವಾರಕ್ಕೂ ಹಾಕಿತು. ಅದರ ಕೆಲಸವೇ ಅದು, ತಪ್ಪು ಹೇಳುವಂತಿಲ್ಲ.

ಎರಡನೆಯ ಶನಿವಾರ ಬಂದವರಿಗೆ ಮುಚ್ಚಿದ ಅಂಗಡಿ ಕಂಡಿತು. ಜನ ರೇಗಿದರು. ಮುಚ್ಚುತ್ತೇವೆ ಎಂದು ಕರೆದು, ಬಂದಾಗ ಮುಚ್ಚಿರುವುದು ಯಾವ ಸೀಮೆಯ ವ್ಯಾಪಾರ ಎಂದು ಸಂಘಕ್ಕೆ ದೂರು ಹೋಯಿತು. ದೂರಿನಲ್ಲಿ ನ್ಯಾಯ ಇತ್ತು. ಸಂಘ ತುರ್ತು ಸಭೆ ಸೇರಿ ಈ ಕೆಳಗಿನ ನಿಯಮವನ್ನು ಅಂಗೀಕರಿಸಿತು:

"ಶಾಶ್ವತವಾಗಿ ಮುಚ್ಚುವ ಯಾವುದೇ ಅಂಗಡಿಯು, ಮುಚ್ಚುವ ದಿನದಂದು ಕಡ್ಡಾಯವಾಗಿ ತೆರೆದಿರತಕ್ಕದ್ದು."

ನಾನು ಆ ಪೋಸ್ಟನ್ನು ಅಳಿಸಲು ಹೋದೆ. ಗುಮಾಸ್ತ, "ಇದು ನಿಮ್ಮ ಅತ್ಯುತ್ತಮ ಪೋಸ್ಟ್. ಬಹುಶಃ ಕೈ ತಪ್ಪಿ ಒತ್ತಿದ್ದೀರಿ" ಎಂದು ವಾಪಸ್ ಹಾಕಿತು. ಸಹಾಯವಾಣಿಗೆ ಬರೆದೆ. ಅಲ್ಲಿಂದಲೂ ಗುಮಾಸ್ತನೇ ಉತ್ತರಿಸಿ, ನನ್ನ ಯಶಸ್ಸಿಗೆ ಅಭಿನಂದನೆ ತಿಳಿಸಿತು.

ಮಾವ ಸಭೆಗೆ ಬಂದರು. ತಾವು ಮುಚ್ಚಿ ಆಗಿದೆ, ಮತ್ತೆ ಮುಚ್ಚಲು ಏನೂ ಉಳಿದಿಲ್ಲ ಎಂದು ವಿನಯದಿಂದಲೇ ಹೇಳಿದರು.

"ಯಜಮಾನ್ರೇ, ಮುಚ್ಚಬೇಡಿ ಅಂತ ಇಲ್ಲಿ ಯಾರಾದ್ರೂ ಅಂದ್ರಾ?" ಅಧ್ಯಕ್ಷರು ಕೇಳಿದರು. "ಧಾರಾಳವಾಗಿ ಮುಚ್ಚಿ. ಆದ್ರೆ ಬಂದು ಮುಚ್ಚಿ."

"ಎಷ್ಟು ಸಲ ಸ್ವಾಮಿ?"

"ಜನಕ್ಕೆ ಸಮಾಧಾನ ಆಗೋವರೆಗೆ. ನಿಮ್ಮೊಬ್ಬರ ವಿಶ್ರಾಂತಿಗೋಸ್ಕರ ಇಡೀ ಬೀದಿ ಬಾಗಿಲು ಹಾಕ್ಕೋಬೇಕಾ, ನೀವೇ ಹೇಳಿ."

ಶನಿವಾರಗಳಂದು ಅಧ್ಯಕ್ಷರ ಹಾಸಿಗೆಗಳೂ ಚೆನ್ನಾಗಿ ಹೋಗುತ್ತಿದ್ದವು. ನಿಂತು ನಿಂತು ಜನರಿಗೆ ಸೊಂಟ ನೋವು ಬರುತ್ತಿತ್ತು. ಇದನ್ನು ಆರೋಪ ಎಂದು ತಿಳಿಯಬಾರದು, ವಿವರಣೆ ಎಂದು ತಿಳಿಯಬೇಕು.

ಹೀಗೆ ಮಾವ ವಾರಕ್ಕೊಮ್ಮೆ ಮುಚ್ಚತೊಡಗಿದರು. ಊರಿಗೆ ಹೋಗುವ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು. ಅತ್ತೆಯ ತಂಗಿ ಫೋನ್ ಮಾಡಿದಾಗ ಅತ್ತೆ, "ಹೂಂ ಕಣೇ, ರಿಟೈರ್ ಆಗೋಕ್ ಹೋಗಿದಾರೆ, ಸಂಜೆ ಬರ್ತಾರೆ" ಎನ್ನುತ್ತಿದ್ದರು.

ಕೊನೆಗೆ ಮಾವನೇ ಒಂದು ಉಪಾಯ ಕಂಡುಕೊಂಡರು. "ಅಳಿಯಂದಿರೇ, ಈ ಅಂಗಡಿ ಯಾವಾಗ್ಲೂ ತೆಗೆದಿರುತ್ತೆ, ನಾನೆಲ್ಲೂ ಹೋಗಲ್ಲ, ನಿಧಾನವಾಗಿ ಬನ್ನಿ ಅಂತ ಹಾಕಿ" ಎಂದರು. ಯಾಕೆ ಮಾವ ಎಂದೆ. "ಇಷ್ಟು ವರ್ಷ ತೆಗೆದೇ ಇಟ್ಟಿದ್ನಲ್ಲ. ಆಗ ಯಾರು ಬಂದ್ರು?"

ಹಾಕಿದೆ. ಹೊಸದು ಬಂದದ್ದರಿಂದ ಗುಮಾಸ್ತ ಆ ವಾರ ಹಳೆಯದನ್ನು ಹಾಕಲಿಲ್ಲ; ಆ ಶನಿವಾರ ಒಬ್ಬರೂ ಬರಲಿಲ್ಲ. ಟೈರ್ ಅಂಗಡಿಯ ಪರವಾಗಿ ಗುಮಾಸ್ತ ಮಾತ್ರ "ಬಾಳಿಕೆ ಅಂದ್ರೆ ಇದು" ಎಂದು ಬರೆದಿತ್ತು. ಮಾವ ಖಾಲಿ ಅಂಗಡಿಯಲ್ಲಿ ಕಾಲು ಚಾಚಿ ಕುಳಿತು, ಸಂಜೆ ಯಾರಿಗೂ ಹೇಳದೆ ಶಟರ್ ಎಳೆದರು. ಮರುದಿನ ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದರು. ಸಮುದ್ರದ ಎದುರು ಒಂದು ಬೆಂಚಿನ ಮೇಲೆ ಕುಳಿತಿರುವ ಫೋಟೊವನ್ನು ಅತ್ತೆ ನನ್ನ ಹೆಂಡತಿಗೆ ಕಳಿಸಿದರು. ಅವಳು ನನಗೆ ಕಳಿಸಿದಳು. ಅಂಗಡಿಯ ಅಂತರ್ಜಾಲ ಖಾತೆಗೆ ನನ್ನ ಫೋನೂ ಸೇರಿದ್ದರಿಂದ ಫೋಟೊ ಗುಮಾಸ್ತನಿಗೂ ಸಿಕ್ಕಿತು.

ಒಬ್ಬರೂ ಬಾರದ್ದನ್ನು ಕಂಡು ಗುಮಾಸ್ತ, ಅಂಗಡಿ ಕಷ್ಟದಲ್ಲಿದೆ ಎಂದು ತಿಳಿದುಕೊಂಡಿತು. ಫೋಟೊದಲ್ಲಿ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಅದರ ಕೆಳಗೆ ಗುಮಾಸ್ತ ಬರೆದದ್ದು: "ಗಿರಾಕಿಗಳಿಲ್ಲದೆ ನೊಂದ ವೃದ್ಧ ದಂಪತಿ. ಈ ಶನಿವಾರ ನಿಜವಾಗಿಯೂ ಕೊನೆ."

ಪಕ್ಕದ ಊರುಗಳಿಂದ ವ್ಯಾನು ಮಾಡಿಕೊಂಡು ಬರುತ್ತೇವೆಂದು ಜನ ಬರೆದರು. ಅಧ್ಯಕ್ಷರು ಹಾಸಿಗೆ ಸಾಗಿಸುವ ಟೆಂಪೊ ಕಳಿಸಿ ಮಾವ ಅತ್ತೆಯನ್ನು ವಾಪಸ್ ಕರೆಸಿದರು. ಹಿಂದೆ ಹಾಸಿಗೆ ಹಾಕಿದ್ದರಿಂದ ಪ್ರಯಾಣ ಸುಖವಾಗಿತ್ತು ಎಂದು ಅತ್ತೆ ಹೇಳಿದರು. ಮಾವ ನೇರವಾಗಿ ಹೋಗಿ ಶಟರ್ ಎತ್ತಿದರು.

ಈಗ ಎಲ್ಲ ಒಂದು ಹದಕ್ಕೆ ಬಂದಿದೆ. ಅತ್ತೆಯೂ ಶನಿವಾರ ಅಂಗಡಿಗೆ ಬಂದು, ಬೀದಿಗೆ ಬೆನ್ನು ಮಾಡಿ ಕೂರುತ್ತಾರೆ. ಬೆನ್ನಿಗೆ ಬೇಡಿಕೆ ಇದೆ. ಮಾವನಿಗೆ ಕಣ್ಣು ಕಾಣದಿರುವುದರಿಂದ ಜಿಪ್ ಹೊಲಿಯುವುದನ್ನು ನಾನು ಕಲಿತಿದ್ದೇನೆ. ಮಾವ ಬರೀ ಮುಚ್ಚುತ್ತಾರೆ. ಸಮುದ್ರದ ಒಂದು ದೊಡ್ಡ ಚಿತ್ರವನ್ನು ಸಂಘದ ಖರ್ಚಿನಲ್ಲಿ ಒಳಗಿನ ಗೋಡೆಗೆ ಅಂಟಿಸಲಾಗಿದೆ. ಮಾವ ಅದರ ಎದುರು ಕೂರುತ್ತಾರೆ. ಮೊನ್ನೆ ಅದನ್ನೇ ನೋಡುತ್ತಾ, ಪರವಾಗಿಲ್ಲ, ಉಪ್ಪುಗಾಳಿ ಇಲ್ಲ, ಮಂಡಿಗೆ ಒಳ್ಳೆಯದು ಎಂದರು.

ಬೇಕರಿ ಮತ್ತು ಟೈರ್ ಅಂಗಡಿಗಳು ತಮಗೂ ಮುಚ್ಚಲು ಒಂದೊಂದು ವಾರ ಕೊಡಿ ಎಂದು ಅರ್ಜಿ ಹಾಕಿವೆ. ಅರ್ಜಿಗಳು ಪರಿಶೀಲನೆಯಲ್ಲಿವೆ.

ಕಳೆದ ಸಭೆಯಲ್ಲಿ ಮಾತ್ರ ಒಂದು ಹೊಸ ನಿಯಮ ಬಂತು. ಅದನ್ನು ವಿವರಿಸುವುದಕ್ಕಾಗಿಯೇ ಇಷ್ಟೆಲ್ಲ ಬರೆದೆ, ಮೊದಲೇ ಹೇಳಬೇಕಿತ್ತು. ಮಾವನ ತರುವಾಯ ಅಂಗಡಿಯನ್ನು ಶಾಶ್ವತವಾಗಿ ಮುಚ್ಚುವ ಹಕ್ಕು ವಂಶಪಾರಂಪರ್ಯವಾಗಿ ಅಳಿಯನಿಗೆ ಬರತಕ್ಕದ್ದು. ನಾನು ಇದಕ್ಕೆ ಒಪ್ಪಿಲ್ಲ. ನನ್ನದೇ ಅಂಗಡಿ ಇದೆ, ನನಗೂ ಮುಂದೆ ಕಣ್ಣು ಮಂಜಾಗಬಹುದು, ಅದೆಲ್ಲ ಇರಲಿ. ಮುಖ್ಯವಾಗಿ ನಾನು ಒಪ್ಪದೇ ಇರುವುದಕ್ಕೆ ಕಾರಣ ಏನೆಂದರೆ…

"ಅಳಿಯಂದಿರೇ, ಬೇಗ ಬನ್ನಿ. ಜನ ಅಳೋಕೆ ಶುರು ಮಾಡಿದಾರೆ, ಇನ್ನೂ ಮೂರು ಜಿಪ್ ಬಾಕಿ ಇದೆ."

ಬಂದೆ ಮಾವ. ಕಾರಣ ಏನೆಂದರೆ, ಒಂದು ಸಲ ನಾನು ಮುಚ್ಚತೊಡಗಿದರೆ…