ಸ್ವಲ್ಪ ಎಡಕ್ಕೆ ಕೂತ್ಕೋ

ನಮ್ಮ ಭಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಹುಚ್ಚಿಗೆ ಮದ್ದಿದೆ, ಡಾಕ್ಟರಿದ್ದಾರೆ, ಬಿಟ್ಟುಹೋಗುವ ಸಾಧ್ಯತೆಯೂ ಇದೆ. ಭಾವನಿಗೆ ಹಿಡಿದದ್ದು ಇಂಟೀರಿಯರ್ ಡಿಸೈನ್! ಅದೂ ಇಡೀ ಮನೆಯದಲ್ಲ, ಮುಂಬಾಗಿಲಿನಿಂದ ಮೆಟ್ಟಿಲಿನವರೆಗಿನ ಜಾಗದ್ದು ಮಾತ್ರ. ಯಾರೂ ಯಾರ ಮನೆಗೂ ಹೋಗಕೂಡದು ಎಂದು ಭೂಮಿಯ ಮೇಲಿನ ಸರ್ಕಾರಗಳೆಲ್ಲ ಅಪ್ಪಣೆ ಹೊರಡಿಸಿದ್ದ ಕಾಲದಲ್ಲಿ, ಬಂದವರನ್ನು ಬರಮಾಡಿಕೊಳ್ಳುವ ಜಾಗವನ್ನು ಸಿಂಗರಿಸಲು ಹೊರಟ ಮನುಷ್ಯನಿಗೆ ಏನೆನ್ನಬೇಕು? ನಾನಂತೂ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ಸಾಫ್ಟ್‌ವೇರಿನವರು, ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿ ಮನೆ ಕೊಂಡವರು. ನಾನು ಅದೇ ಊರಿನ ಸಿಟಿವೆಸ್ಟ್‌ನಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೆ. ಮೊದಲೆಲ್ಲ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ ಎಂದು ಅಕ್ಕ ಫೋನ್ ಮಾಡಿದರೆ, ಅದು ಆರುವುದರೊಳಗೆ ಹೋಗಿ ಮುಟ್ಟುತ್ತಿದ್ದೆ. ಲಾಕ್‌ಡೌನಿಗೆ ಸ್ವಲ್ಪ ಮೊದಲು ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಗಿ ಕೀಮೋ ಶುರುವಾಯಿತು. ಅಂಥವರು ಯಾರನ್ನೂ ಸೇರದೆ ಮನೆಯೊಳಗೇ ಇರಬೇಕು ಎಂದು ಇಲ್ಲಿನ ಸರ್ಕಾರ ಹೇಳಿ, ಅದಕ್ಕೆ ‘ಕಕೂನಿಂಗ್’ ಎಂದು ಮುದ್ದಾದ ಹೆಸರನ್ನೂ ಇಟ್ಟಿತು. ಕಕೂನ್ ಎಂದರೆ ರೇಷ್ಮೆಗೂಡು. ನಾವು ಶಿಡ್ಲಘಟ್ಟದವರು, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬೆಳೆದವರು. ಗೂಡು ಕಟ್ಟಿಕೊಂಡು ಒಳಗೆ ಕೂತ ಹುಳಕ್ಕೆ ಕೊನೆಗೆ ಏನಾಗುತ್ತದೆ ಎಂದು ಆ ಹೆಸರಿಟ್ಟ ಪುಣ್ಯಾತ್ಮರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ‘ಕುದಿಯೋ ನೀರಿಗೆ ಯಾವಾಗ ಹಾಕ್ತಾರಂತೋ?’ ಎಂದು ಕೇಳಿ ಅಕ್ಕ ಫೋನಿನಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ.

ಅಕ್ಕನನ್ನು ಒಮ್ಮೆ ಕಣ್ಣಾರೆ ನೋಡಬೇಕು ಎನ್ನುವುದೊಂದೇ ನನಗಿದ್ದದ್ದು. ವಿಡಿಯೊ ಕಾಲ್ ಮಾಡಿದರೆ ಅವಳ ಕಡೆ ಕ್ಯಾಮೆರಾ ಆಫ್. ‘ಕೂದ್ಲು ಬರ್ಲಿ ಕಣೋ, ಆಮೇಲೆ ನೋಡುವಂತೆ’ ಎನ್ನುತ್ತಿದ್ದಳು. ಮೊದಲಿನಿಂದಲೂ ಜಡೆಯ ಜಂಬ ಅವಳಿಗೆ.

ಹೀಗಿರುವಾಗ, ಎರಡನೆಯ ಲಾಕ್‌ಡೌನಿನ ಚಳಿಯಲ್ಲಿ ಭಾವನ ಫೋನು ಬಂತು. ‘ಹಾಲ್ ರೆಡಿ ಆಯ್ತು ಕಣೋ. ಇನ್ಮೇಲೆ ನೀನು ಬಂದು ಹಾಲ್‌ನಲ್ಲಿ ಕೂತು ಅಕ್ಕನ ಜೊತೆ ಮಾತಾಡ್ಬಹುದು. ಸ್ಟೈಲಿಶ್ಶಾಗೂ ಇದೆ, ಪ್ರಾಕ್ಟಿಕಲ್ಲಾಗೂ ಇದೆ.’

ಹಾಲ್ ಎಂದರೆ ನಮಗೇನು? ಸೋಫಾ, ಟಿವಿ, ಟೀಪಾಯಿ, ಷೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆ. ಐರ್ಲೆಂಡಿಗೆ ಬಂದು ವರ್ಷಗಳಾಗಿದ್ದರೂ ನನ್ನ ಕಿವಿ ಇನ್ನೂ ಶಿಡ್ಲಘಟ್ಟದ್ದೇ. ಸೋಫಾದ ಆ ತುದಿಗೆ ಅಕ್ಕ, ಈ ತುದಿಗೆ ನಾನು ಎಂದುಕೊಂಡು ಇಸ್ತ್ರಿ ಮಾಡಿದ ಶರ್ಟು ಹಾಕಿ, ಕರಿಬೇವು ನುಗ್ಗೇಕಾಯಿ ಕಟ್ಟಿಸಿಕೊಂಡು ಹೊರಟೆ. ದಾರಿಯಲ್ಲಿ ಗಾರ್ಡಾ, ಅಂದರೆ ಇಲ್ಲಿನ ಪೊಲೀಸಪ್ಪ, ಕಾರು ನಿಲ್ಲಿಸಿ ಎಲ್ಲಿಗೆಂದು ಕೇಳಿದ. ಕಾಯಿಲೆಯ ಅಕ್ಕನ ಮನೆಗೆ ಸಾಮಾನು ಕೊಡಲು ಎಂದೆ. ಒಳಗೆ ಹೋಗುತ್ತೀಯಾ ಎಂದ. ಹಾಲ್‌ಗೆ ಮಾತ್ರ ಎಂದೆ. ‘ಗ್ರ್ಯಾಂಡ್’ ಎಂದು ಕೈಬೀಸಿ ಕಳಿಸಿದ. ಹಾಲ್ ಎಂದರೇನೆಂದು ಅವನಿಗೆ ಸರಿಯಾಗಿ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ!

ಇಲ್ಲಿಯವರ ಹಾಲ್ ಎಂದರೆ ಮುಂಬಾಗಿಲು ತೆಗೆದೊಡನೆ ಸಿಗುವ ಓಣಿ. ಇಬ್ಬರು ಎದುರಾದರೆ ಒಬ್ಬರು ಮೆಟ್ಟಿಲು ಹತ್ತಿ ದಾರಿ ಬಿಡಬೇಕು. ಭಾವ ಅದಕ್ಕೆ ಬೂದಿ ಬಣ್ಣ ಬಳಿದಿದ್ದರು. ‘ಬೂದಿ ಅಲ್ಲಯ್ಯ, ಪೆಬಲ್ ಅಂತಾರೆ ಅದನ್ನ’ ಎಂದರು. ಕೋಟು ನೇತುಹಾಕುವ ಗೂಟ ಬೂದಿ, ಚಪ್ಪಲಿ ಸ್ಟ್ಯಾಂಡು ಬೂದಿ, ಕೊಡೆ ಇಡುವ ಡಬ್ಬವೂ ಬೂದಿ. ಈ ಭಸ್ಮಲೇಪನದ ನಡುವೆ ಒಪ್ಪದೆ ನಿಂತದ್ದು ಒಂದೇ ಒಂದು: ಅಕ್ಕನ ಮೊಗ್ಗಿನ ಜಡೆಯ ಫೋಟೋ, ಶಿಡ್ಲಘಟ್ಟದ ಸ್ಟುಡಿಯೋದ ಹಳೇ ಚಿನ್ನದ ಬಣ್ಣದ ಕಟ್ಟಿನಲ್ಲಿ. ಇದು ನಿಮ್ಮ ಸ್ಟೈಲಿಗೆ ಹೊಂದಲ್ಲ ಭಾವ ಎಂದೆ. ‘ಇರ್ಲಿ ಬಿಡು, ಪ್ರಾಕ್ಟಿಕಲ್’ ಎಂದರು. ಗೋಡೆಯ ಮೇಲಿನ ಫೋಟೋ ಹೇಗೆ ಪ್ರಾಕ್ಟಿಕಲ್ ಆಗುತ್ತದೆ ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಬಾಗಿಲಲ್ಲೇ ತಡೆದು ಕೈ ಒಡ್ಡು ಎಂದರು. ಬಂದವರೆಲ್ಲ ಸ್ಯಾನಿಟೈಸರ್ ಬಾಟಲಿ ಮುಟ್ಟಬಾರದಲ್ಲ, ಅದಕ್ಕೆ ಅವರ ಉಪಾಯ ಪೂಜೆಯ ಪಂಚಪಾತ್ರೆ. ಅದರಲ್ಲಿ ಸ್ಯಾನಿಟೈಸರ್ ಸುರಿದಿಟ್ಟು, ಉದ್ಧರಣೆಯಲ್ಲಿ ಮೊಗೆದು, ದೂರದಿಂದಲೇ ಅಂಗೈಗೆ ಬಿಟ್ಟರು. ಉದ್ಧರಣೆಯಿಂದ ಅಂಗೈಗೆ ಏನಾದರೂ ಬಿದ್ದರೆ ನಮ್ಮಂಥವರ ಕೈ ಎಲ್ಲಿಗೆ ಹೋಗುತ್ತದೆ? ನೇರ ಬಾಯಿಗೆ! ‘ಏಯ್ ಏಯ್’ ಎಂದು ಭಾವ ಕೂಗಿಕೊಂಡದ್ದರಿಂದ ಉಳಿದೆ. ಮಿಕ್ಕದ್ದನ್ನು ಅಭ್ಯಾಸಬಲದಿಂದ ತಲೆಗೆ ಸವರಿಕೊಂಡೆ. ಮೆಟ್ಟಿಲ ಮೇಲೆ ಕೂತಿದ್ದ ಅಕ್ಕನ ಮಗಳು, ಅಪ್ಪಟ ಡಬ್ಲಿನ್ ಧಾಟಿಯಲ್ಲಿ, ‘ಡ್ಯಾಡ್ ಈಸ್ ಆಫ್ ಹಿಸ್ ಹೆಡ್, ಮಾಮ’ ಎಂದಳು. ಆ ಮನೆಯಲ್ಲಿ ಬುದ್ಧಿ ನೆಟ್ಟಗಿದ್ದದ್ದು ಅವಳೊಬ್ಬಳಿಗೆ ಎಂದುಕೊಂಡೆ.

ಆಮೇಲೆ ಬೆಂಚು. ಸ್ವತಃ ಭಾವನೇ ಹಿತ್ತಲಲ್ಲಿ ಕೊಯ್ದು ಜೋಡಿಸಿ ನೆಲಕ್ಕೆ ಸ್ಕ್ರೂ ಹೊಡೆದದ್ದು. ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ತಲೆಯ ಮೇಲೆ ಕಳ್ಳರನ್ನು ವಿಚಾರಿಸುವ ಕಡೆ ಇರುವಂಥ ದೀಪ. ಎದುರು ಗೋಡೆಯಲ್ಲಿ ದುಬಾರಿ ಕನ್ನಡಿ, ಅದೂ ಸೊಟ್ಟಗೆ. ಅದರಲ್ಲಿ ನನ್ನ ಮುಖ ಕಾಣಿಸುತ್ತಿರಲಿಲ್ಲ. ಕಾಣುತ್ತಿದ್ದದ್ದು ಮುಂದಿನ ಕೋಣೆಯ ಅರ್ಧ ತೆರೆದ ಬಾಗಿಲು, ಅದರಾಚೆ ಕತ್ತಲು. ಆ ಕೋಣೆಯಲ್ಲೇ ಪರದೆ ಎಳೆದುಕೊಂಡು ಅಕ್ಕ ಮಲಗಿದ್ದಳು. ದುಡ್ಡು ಕೊಟ್ಟು ಕತ್ತಲು ನೋಡುವ ಕನ್ನಡಿ ತರುವವರು ನಮ್ಮ ಭಾವನೇ ಸರಿ.

‘ಸ್ವಲ್ಪ ಎಡಕ್ಕೆ ಕೂತ್ಕೋ’ ಎಂದರು. ಸರಿದೆ. ‘ಇನ್ನೂ ಸ್ವಲ್ಪ. ಈಗ ಮಾಸ್ಕ್ ತೆಗಿ.’

ಉದ್ಧರಣೆಯಲ್ಲಿ ಸ್ಯಾನಿಟೈಸರ್ ಕೊಡುವ ಮನುಷ್ಯ ಮಾಸ್ಕ್ ತೆಗೆ ಎನ್ನುತ್ತಾರೆ! ಗಾಳಿ ಆಡಲಿ ಎಂದು ಮುಂಬಾಗಿಲು ಹಾರುಹೊಡೆದಿಟ್ಟಿದ್ದರು. ಐರ್ಲೆಂಡಿನ ಡಿಸೆಂಬರ್ ಗಾಳಿ ನನ್ನ ಇಸ್ತ್ರಿ ಶರ್ಟಿನೊಳಗೆ ಹೊಕ್ಕು ಹೊರಡುತ್ತಿತ್ತು.

‘ಬಂದ್ಯೇನೋ? ತೆಳ್ಳಗಾಗಿದ್ದೀಯ’ ಎಂದಳು ಅಕ್ಕ ಒಳಗಿನಿಂದ.

‘ನೋಡ್ದೆ ಹೇಗೆ ಹೇಳ್ತೀಯ?’

‘ದನಿ ತೆಳ್ಳಗಾಗಿದೆ.’

ಹೀಗೆ ಆ ಚಳಿಗಾಲವೆಲ್ಲ ವಾರ ವಾರ ಹೋದೆ. ಎಡಕ್ಕೆ ಕೂತೆ, ನಡುಗಿದೆ, ಕತ್ತಲಿನ ಜೊತೆ ಮಾತಾಡಿದೆ. ಒಂದು ಸಲವಾದರೂ ಬಾಗಿಲಲ್ಲಿ ನಿಂತು ನೋಡಿ ಬರುತ್ತೇನೆ ಎಂದರೆ ಭಾವ ಅಡ್ಡ ನಿಲ್ಲುತ್ತಿದ್ದರು. ಪಾರ್ಸೆಲ್ ತರುವವನಿಗೂ ನನಗೂ ಏನು ವ್ಯತ್ಯಾಸ? ಅವನಾದರೂ ಬೇಗ ಹೊರಟುಹೋಗುತ್ತಿದ್ದ. ಒಡಹುಟ್ಟಿದವನನ್ನು ಚಪ್ಪಲಿ ಪಕ್ಕದಲ್ಲಿ ಕೂರಿಸಿದ ಈ ಮನುಷ್ಯನನ್ನು ಜನ್ಮದಲ್ಲಿ ಕ್ಷಮಿಸಬಾರದು ಎಂದುಕೊಂಡು, ಭಾವ ಒಳಗೆ ಕಾಫಿ ತರಲು ಹೋದಾಗ ಆ ಕನ್ನಡಿಗೆ ಹಲ್ಲು ಕಿರಿದು ಅಣಕಿಸುತ್ತಿದ್ದೆ. ಒಂದು ದಿನ ಅದೇ ಕನ್ನಡಿಯ ಮುಂದೆ ಅತ್ತೂಬಿಟ್ಟೆ. ‘ಮೂಗು ಒರೆಸ್ಕೊ, ನೆಗಡಿ ಆಗಿದೆ ಅನ್ಸುತ್ತೆ’ ಎಂದಳು ಅಕ್ಕ.

ವಸಂತ ಬರುವ ಹೊತ್ತಿಗೆ ಅಕ್ಕ ಹೋದಳು. ಅಂದು ನನಗೆ ಹಾಲ್ ದಾಟಲು ಅಪ್ಪಣೆ ಸಿಕ್ಕಿತು. ತಲೆಗೆ ರೇಷ್ಮೆ ಸೆರಗು ಹೊದಿಸಿದ್ದರು. ಅಷ್ಟು ದಿನ ಕಾದು ಕೂತವನು ಕೊನೆಗೆ ನೋಡಿದ್ದು ಅದನ್ನು. ಪೆಟ್ಟಿಗೆ ಹೊತ್ತವರು ಕೋಣೆಯಿಂದ ಹಾಲ್‌ಗೆ ತಿರುಗಲು ನೋಡಿದರು, ಆಗಲಿಲ್ಲ, ಬೆಂಚು ಅಡ್ಡ ಬಂತು. ಎಲ್ಲದಕ್ಕೂ ಟೇಪು ಹಿಡಿದಿದ್ದ ಭಾವ ಅದೊಂದಕ್ಕೆ ಹಿಡಿದಿರಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ನಿಂತುಬಿಟ್ಟರು. ಸ್ಕ್ರೂ ಬಿಚ್ಚಿ ಬೆಂಚನ್ನು ಹೊರಗೆ ಎಸೆದವನು ನಾನು. ಸಿಟ್ಟಿನಿಂದಲೇ ಎಸೆದೆ, ಹುಲ್ಲಿನ ಮೇಲೆ ಬಿತ್ತು.

ಬೇಸಿಗೆಯಲ್ಲಿ ಮತ್ತೆ ಭಾವನ ಫೋನು. ‘ಬೆಂಚು ತಿರುಗಿ ಹಾಕ್ಬೇಕು ಕಣೋ. ಒಬ್ಬನ ಕೈಲಿ ಆಗಲ್ಲ, ಬಾ.’ ಯಾರು ಕೂರಲೆಂದು ಬೆಂಚು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೋದೆ. ಭಾವ ಬಡವಾಗಿದ್ದರು. ಗಡ್ಡವೂ ಪೆಬಲ್ ಬಣ್ಣಕ್ಕೆ ತಿರುಗಿತ್ತು. ಬೆಂಚನ್ನು ಒರೆಸಿ ತಂದು ಇಟ್ಟು, ‘ನೀನು ಒಳಗೆ ಹೋಗಿ ಅವಳ ಮಂಚದ ಮೇಲೆ ಕೂತು ಹೇಳು, ಮೊದಲಿನ ಜಾಗಕ್ಕೇ ಬಂತಾ ಅಂತ’ ಎಂದರು.

‘ಒಳಗೆ ಕೂತ್ರೆ ನನಗೆ ಹೇಗೆ ಗೊತ್ತಾಗುತ್ತೆ?’

‘ದಿಂಬಿಗೆ ಒರಗಿ ಕೂತ್ಕೋ. ಗೊತ್ತಾಗುತ್ತೆ.’

ಕುಳಿತೆ. ಪರದೆ ಎಳೆದೇ ಇತ್ತು. ಅರ್ಧ ತೆರೆದ ಬಾಗಿಲಿನಾಚೆ ಆ ಸೊಟ್ಟ ಕನ್ನಡಿ. ಕನ್ನಡಿಯೊಳಗೆ, ದೀಪದ ಕೆಳಗೆ, ಬೆಂಚಿನ ಎಡತುದಿ ನಿಚ್ಚಳವಾಗಿ ಕಾಣುತ್ತಿತ್ತು.

‘ಮೊಗ್ಗಿನ ಜಡೆ ಫೋಟೋ ತೆಗೆಯೋವಾಗ ಹಿಂದೆ ಕನ್ನಡಿ ಇಡ್ತಾರಲ್ಲ, ಮುಖಾನೂ ಕಾಣ್ಬೇಕು ಜಡೇನೂ ಕಾಣ್ಬೇಕು ಅಂತ’ ಎಂದಿತು ಹಾಲ್‌ನಿಂದ ಭಾವನ ದನಿ. ‘ಅವಳೇ ಆ ಫೋಟೋ ತೋರಿಸಿ, ಹೀಗೇನಾದ್ರೂ ಮಾಡಿ, ಅವನನ್ನ ನಾನು ನೋಡ್ಬೇಕು, ನಾನು ಅವನಿಗೆ ಕಾಣ್ಬಾರ್ದು ಅಂದ್ಲು. ನಿನಗೆ ಹೇಳ್ತೀನಿ ಅಂದೆ. ಬೇಡ, ಹೇಳಿದ್ರೆ ನಗುಮುಖ ಹಾಕ್ಕೊಂಡು ಕೂರ್ತಾನೆ, ಅವನು ಹೇಗಿದ್ದಾನೋ ಹಾಗೇ ಕಾಣ್ಲಿ ಅಂದ್ಲು. ನೀನು ಹಲ್ಲು ಕಿರಿದಾಗೆಲ್ಲ ಎಷ್ಟು ನಗ್ತಿದ್ಲು ಗೊತ್ತಾ.’

ಆಮೇಲೆ ಬೆಂಚು ಕಿರುಗುಟ್ಟಿತು, ಭಾವ ಕೂತರು. ಮಾಡಿದವರೇ ಆದರೂ ಅದರ ಮೇಲೆ ಅವರು ಕೂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವರ ಮೊಣಕಾಲೂ ಗಲ್ಲಕ್ಕೇ ಬಂದಿರಬೇಕು.

‘ಕಾಣ್ತಿದೀನೇನೋ?’

ಕನ್ನಡಿಯಲ್ಲಿ ಒಂದು ಭುಜ, ಅರ್ಧ ಕೆನ್ನೆ, ಕಣ್ಣು ಒರೆಸಿಕೊಳ್ಳುತ್ತಿದ್ದ ಒಂದು ಕೈ ಮಾತ್ರ ಕಾಣುತ್ತಿತ್ತು.

‘ಸ್ವಲ್ಪ ಎಡಕ್ಕೆ ಕೂತ್ಕೊಳ್ಳಿ, ಭಾವ’ ಎಂದೆ.